ಕಡ ಕೊಟ್ಟ ಹೆಸರು

ಹಾಡಿನ ಎರಡನೆಯ ನುಡಿಗೆ ಬರುವಷ್ಟರಲ್ಲಿ ದೇವೀರಮ್ಮನ ಗಂಟಲು ಕೈಕೊಟ್ಟಿತು. ಮದುಮಗಳಿಗೆ ಅರಿಶಿನ ಹಚ್ಚುತ್ತಿದ್ದ ಹೆಂಗಸರು ಸೊಲ್ಲಿಗಾಗಿ ಕಾದು ಕೂತರು. ಅವಳು ಕೆಮ್ಮಿ ಮತ್ತೊಮ್ಮೆ ರಾಗ ಎಳೆದಳು. ಬಂದದ್ದು ಒಡಕು ಮಡಕೆಯ ಸದ್ದು. ಪಟೇಲ ಬೆಳ್ಳಿಯಪ್ಪನ ಹೆಂಡತಿ ನಂಜಮ್ಮ ಲೋಟದಲ್ಲಿ ಬಿಸಿನೀರು ತಂದುಕೊಟ್ಟಳು.

"ಕುಡೀರಿ ದೇವೀರಕ್ಕ. ಅಲ್ಲಿವರೆಗೆ ಬೇರೆ ಯಾರಾದ್ರೂ ಹೇಳ್ಲಿ."

ಬೇರೆ ಯಾರು ಹೇಳಬೇಕು? ಗೋಣಿಬೀಡಿನ ಸುತ್ತ ಯಾವ ಮನೆಯ ಮದುವೆಯಾದರೂ ಸೋಬಾನೆ ಎತ್ತುವವಳು ದೇವೀರಮ್ಮನೇ. ತಾಯಿಯ ಹಾಡು, ತಾಯಿಯ ತಾಯಿಯ ಹಾಡು ಎಲ್ಲವೂ ಅವಳ ಬಾಯಲ್ಲಿದ್ದವು. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಮದುವೆಗಳೆಲ್ಲ ಹಗಲಿನಲ್ಲೇ ಮುಗಿಯುತ್ತಿದ್ದವು. ಓಲಗದವರು ಬಾರದ ಮನೆಗಳಿದ್ದವು. ದೇವೀರಮ್ಮ ಬಾರದ ಮನೆ ಇರಲಿಲ್ಲ.

ಜಗಲಿಯ ತುದಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ತಾಹಿರಾಳನ್ನು ಯಾರೋ ಮುಂದಕ್ಕೆ ತಳ್ಳಿದರು. ಅವಳು ಗಾಡಿ ಮೊಯ್ದುವಿನ ಹೆಂಡತಿ. ಮೊಯ್ದು ಎಸ್ಟೇಟುಗಳ ಕಾಫಿಯನ್ನು ಎತ್ತಿನ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಮುಟ್ಟಿಸುವವನು. ತಾಹಿರಾ ಹುಟ್ಟಿ ಬೆಳೆದದ್ದು ಜಾವಳಿಯಲ್ಲಿ, ನಾಟಿ ಗದ್ದೆಯ ಹೆಂಗಸರ ನಡುವೆ.

"ನಂಗೆ ದೊಡ್ಡ ಹಾಡು ಬರಲ್ಲ ಅಕ್ಕ. ನಾನೇ ಕಟ್ಟಿದ್ದು ಒಂದುಂಟು," ಎಂದಳು ತಾಹಿರಾ, ದೇವೀರಮ್ಮನ ಮುಖ ನೋಡುತ್ತ, ಅಪ್ಪಣೆ ಕೇಳುವವಳಂತೆ.

ಲೋಟ ತುಟಿಗಿಟ್ಟಿದ್ದ ದೇವೀರಮ್ಮ ಆಗಲಿ ಎಂದು ತಲೆಯಾಡಿಸಿದಳು. ಕಟ್ಟಿದ್ದಂತೆ! ಹಾಡನ್ನು ಯಾರಾದರೂ ಕಟ್ಟುತ್ತಾರೆಯೇ? ಹಾಡು ಮೊದಲಿನಿಂದಲೂ ಇರುವಂಥದ್ದು.

*ಬೆಟ್ಟ ಇಳಿಯೋವಾಗ ತಾಯ್ಗೆ ಮುಳ್ಳು ನಟ್ಟೀತು*
*ಕಟ್ಟೆ ಮೇಲ್ ಕುಂತಾಳೆ ಕಾಲ್ ನೀಡಿ | ನಮ್ಮಮ್ಮ*
*ಬಟ್ಟಲು ನೀರ ಬೇಡ್ಯಾಳೆ*

ದನಿ ಅಂಥ ಇಂಪೇನೂ ಅಲ್ಲ. ಆದರೆ ಮದುಮಗಳ ಕೈ ಹಿಡಿದಿದ್ದ ಹೆಂಗಸರು ಅರಿಶಿನ ಹಚ್ಚುವುದನ್ನೇ ಮರೆತರು. ಹಾಡಿನಲ್ಲಿ ಬೆಟ್ಟದ ದೇವಿ, ಅಮ್ಮ, ದಾರಿಬದಿಯ ಮನೆಯೊಂದರ ಕಟ್ಟೆಯ ಮೇಲೆ ಕೂರುತ್ತಾಳೆ. ಮನೆಯಾಕೆ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಾಳೆ, ನೀರು ಕೊಡುತ್ತಾಳೆ. ಹೊರಡುವಾಗ ಅಮ್ಮ, ನನ್ನ ಸಾವಿರ ಹೆಸರು ಹೊತ್ತು ಸಾಕಾಯಿತು, ನಿನ್ನದೊಂದು ಹೆಸರು ಬೇಕು ಎನ್ನುತ್ತಾಳೆ. ಕೊನೆಯ ನುಡಿಯಲ್ಲಿ ತಾಹಿರಾ ತನ್ನ ಹೆಸರನ್ನೇ ಹೇಳಿ ನಿಲ್ಲಿಸಿದಳು. ಮದುಮಗಳು ಬಿಕ್ಕಿದಳು. ನಂಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಲ್ಲಿಟ್ಟಿದ್ಯೇ ಮಾರಾಯ್ತಿ ಇದನ್ನ ಇಷ್ಟು ದಿನ?" ಎಂದಳು.

ದೇವೀರಮ್ಮನ ಕೈಯಲ್ಲಿದ್ದ ನೀರು ಆರಿಹೋಗಿತ್ತು.

ಮಳೆ ಹಿಡಿದ ಮೇಲೆ ಆ ಹಾಡು ಗದ್ದೆಯಿಂದ ಗದ್ದೆಗೆ ದಾಟಿತು. ನಾಟಿ ಹಾಕುವ ಒಬ್ಬೊಬ್ಬಳೂ ಕೊನೆಯಲ್ಲಿ ತನ್ನ ಹೆಸರು ಸೇರಿಸಿಕೊಂಡಳು. ಮುತ್ತಮ್ಮ ಮುತ್ತಮ್ಮನೆಂದಳು, ಜವರಮ್ಮ ಜವರಮ್ಮನೆಂದಳು; ಗಂಡಂದಿರು 'ಏಯ್' ಎಂಬುದನ್ನು ಬಿಟ್ಟರೆ ಬೇರೆ ಹೆಸರಿನಿಂದ ಕರೆಯದ ಹೆಂಗಸರ ಹೆಸರುಗಳೆಲ್ಲ ಬದುವಿನುದ್ದಕ್ಕೂ ಕೇಳಿಸಿದವು. ಕಾಫಿ ಹಣ್ಣಾಗುವ ಹೊತ್ತಿಗೆ ಎಸ್ಟೇಟಿನ ಮೇಸ್ತ್ರಿಯೂ ಅದನ್ನು ಗುನುಗುತ್ತಿದ್ದ.

ದೇವೀರಮ್ಮನ ಗಂಟಲು ವಾಸಿಯಾಗಿತ್ತು. ಆದರೆ ಹಾಡು ಮುಗಿಸಿದ ಕೂಡಲೇ ಹೆಂಗಸರ ಕಣ್ಣು ಜಗಲಿಯ ತುದಿಗೆ ಹೋಗುತ್ತಿತ್ತು. "ತಾಹಿರಾ ಬಂದಿಲ್ವಾ?" ದನಿಗೆ ದನಿ ಸೋತಿದ್ದರೆ ದೇವೀರಮ್ಮ ತಡೆದುಕೊಳ್ಳುತ್ತಿದ್ದಳು. ತಾಹಿರಾಳ ದನಿ ತನ್ನದರ ಅರ್ಧಕ್ಕೂ ಬಾರದು ಎಂದು ಅವಳಿಗೆ ಗೊತ್ತಿತ್ತು. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಪಾತ್ರೆ ಬೆಳಗುತ್ತ ತಾನೂ ಒಂದು ಸಾಲು ಕಟ್ಟಲು ನೋಡಿದಳು. 'ಬೆಟ್ಟದ ಮೇಲಿಂದ...' ಅದು ತಾಹಿರಾಳದ್ದು. 'ಹೊಳೆಯ ದಾಟಿ ಬಂದು...' ಅದು ಅಜ್ಜಿಯದ್ದು. ಬೂದಿ ಹಿಡಿದ ಕೈ ಪಾತ್ರೆಯ ಮೇಲೆ ನಿಂತಿತು, ಮೂರನೆಯದು ಹುಟ್ಟಲಿಲ್ಲ. ಒಮ್ಮೆ ಯಾರೂ ಇಲ್ಲದಾಗ ಆ ಹಾಡಿನ ಕೊನೆಗೆ ತನ್ನ ಹೆಸರಿಟ್ಟು ನೋಡಿದಳು. ಅದೂ ಕೂಡಲಿಲ್ಲ. ದೇವೀರಮ್ಮ ಎಂಬುದು ಬೆಟ್ಟದ ಅಮ್ಮನದೇ ಹೆಸರು. ತನ್ನ ಹೆಸರನ್ನೇ ಇಟ್ಟುಕೊಂಡವಳ ಮನೆಗೆ ಬಂದು ಅಮ್ಮ ಏನನ್ನು ಕೇಳಿಯಾಳು?

ಅದೇ ವಾರ ಅವಳು ಅಮ್ಮನ ಗುಡಿಗೆ ಹೋದಳು. ಪೂಜೆಯ ಷಡಕ್ಷರಯ್ಯ ತೆಂಗಿನಕಾಯಿ ಒಡೆದು ಕೊಡುವಾಗ, ಏನೂ ಅರಿಯದವಳಂತೆ ಕೇಳಿದಳು:

"ಅಯ್ಯ, ನಂಗೆ ಓದು ಬರಲ್ಲ. ಅಮ್ಮ ಸಾಬ್ರ ಕಟ್ಟೆ ಮೇಲೆ ಕೂತು ನೀರು ಕುಡಿದ್ಲು ಅಂತ ಪುರಾಣದಲ್ಲಿ ಉಂಟಾ?"

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರಲ್ಲ, ಆ ಹಾಡಲ್ಲಿ. ಅಮ್ಮ ಸಾಬ್ರ ಹೆಸರು ಇಟ್ಕಂಡ್ಲಂತೆ. ಸರಿಯೋ ತಪ್ಪೋ ತಿಳಿದೋರು ನೀವು ಹೇಳ್ಬೇಕು."

ಷಡಕ್ಷರಯ್ಯ ಆ ಹಾಡನ್ನು ಕೇಳದವನೇನಲ್ಲ. ಅವನ ಹೆಂಡತಿಯೇ ಮಜ್ಜಿಗೆ ಕಡೆಯುವಾಗ ಹಾಡುತ್ತಿದ್ದಳು. ಆದರೆ ಹೀಗೆ ಬಿಡಿಸಿ ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಗುಡಿಯವನು ಸುಮ್ಮನಿರುವಂತೆಯೂ ಇರಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ಕಂಡು ದೇವೀರಮ್ಮ ಹಗುರವಾಗಿ ಮೆಟ್ಟಿಲು ಇಳಿದಳು.

ಮಾತು ಮೂಡಿಗೆರೆಯ ಪೇಟೆಗೂ ಹೋಯಿತು. ಅಲ್ಲಿನ ಏಲಕ್ಕಿ ವ್ಯಾಪಾರಿ ರಜಬ್ ಅಲಿ ಮಸೀದಿಯ ಹಿರಿಯ. ನಮ್ಮ ಹೆಣ್ಣುಮಗಳು ವಿಗ್ರಹಕ್ಕೆ ತನ್ನ ಹೆಸರು ಕೊಟ್ಟಳಂತೆ ಎಂದು ಕೇಳಿ, ಅವನೂ ಗಾಡಿ ಕಟ್ಟಿಸಿಕೊಂಡು ಬಂದ. ಪಂಚಾಯಿತಿಗೆಂದು ಬೆಳ್ಳಿಯಪ್ಪನ ಜಗಲಿಯಲ್ಲಿ ಚಾಪೆ ಹಾಸಿದರು. ಅಂಗಳದಲ್ಲಿ ಕಾಫಿ ಒಣಗುತ್ತಿತ್ತು. ಒಂದು ಬದಿಗೆ ಷಡಕ್ಷರಯ್ಯ, ಇನ್ನೊಂದು ಬದಿಗೆ ರಜಬ್ ಅಲಿ. ಅಂಗಳದ ಅಂಚಿನಲ್ಲಿ ಮೊಯ್ದು, ಅವನ ಹಿಂದೆ ತಲೆಯ ಮೇಲೆ ಸೆರಗೆಳೆದುಕೊಂಡ ತಾಹಿರಾ. ಒಳಬಾಗಿಲ ಹಿಂದೆ ಊರ ಹೆಂಗಸರು.

"ಹಾಡು ನಿಂದೇನಮ್ಮ?" ಬೆಳ್ಳಿಯಪ್ಪ ಕೇಳಿದ.

"ಹೌದು. ನಾನೇ ಕಟ್ಟಿದ್ದು."

"ನಾನು ಪೂರ್ತಿ ಕೇಳಿಲ್ಲ," ಎಂದ ರಜಬ್ ಅಲಿ. "ಕೇಳ್ದೆ ಹೆಂಗೆ ತೀರ್ಮಾನ ಮಾಡೋದು? ಆಕೆ ಬಾಯಲ್ಲಿ ಇನ್ನೊಂದ್ ಸಲ ಬೇಡ. ಬೇರೆ ಯಾರಾದ್ರೂ ಹೇಳ್ಲಿ."

ಷಡಕ್ಷರಯ್ಯ ಬಾಗಿಲ ಕಡೆ ತಿರುಗಿದ. "ದೇವೀರಮ್ಮ, ನೀನು ತಂದ ಮಾತು. ನೀನೇ ಹೇಳು."

ದೇವೀರಮ್ಮ ಇದನ್ನು ಎಣಿಸಿರಲಿಲ್ಲ. ಹೊಸ್ತಿಲ ಬಳಿ ನಿಂತು ಬರಿಯ ಮಾತಿನಲ್ಲಿ ಹೇಳಲು ಹೊರಟಳು. ಬರಿಯ ಮಾತಿನಲ್ಲಿ ಅದು ಬರಲಿಲ್ಲ. ರಾಗವಿಲ್ಲದೆ ಒಂದು ಸೊಲ್ಲೂ ಮುಂದೆ ಹೋಗಲಿಲ್ಲ. ಕಣ್ಣು ಮುಚ್ಚಿ ಎತ್ತಿದಳು. ಮುಳ್ಳು ನಟ್ಟಿತು, ಕಟ್ಟೆಯ ಮೇಲೆ ಕೂತದ್ದಾಯಿತು, ನೀರು ಬೇಡಿದ್ದಾಯಿತು. ತನ್ನ ಗಂಟಲು ಇಷ್ಟು ತೆರೆದು ಎಷ್ಟು ಕಾಲವಾಗಿತ್ತೋ. ಬೆನ್ನ ಹಿಂದೆ ಹೆಂಗಸರು ತುಟಿ ಬಿಚ್ಚದೆ ಸೊಲ್ಲು ಹಿಡಿದರು. ಅಂಗಳದಲ್ಲಿ ಕಾಫಿ ಹರಡುತ್ತಿದ್ದ ಆಳುಗಳು ಕೈ ನಿಲ್ಲಿಸಿದರು.

*ಸಾವಿರ ಹೆಸರೊತ್ತು ಸಾಕಾಯ್ತು ನಂಗವ್ವ*
*ಈವತ್ತು ನಿನ್ ಹೆಸರ ಕೊಟ್ಬಿಡೆ...*

"ಕೊಟ್ಬಿಡೆ ಅಲ್ಲ ಅಕ್ಕ," ತಾಹಿರಾ ಮೆಲ್ಲಗೆ ಅಂದಳು. "ಕಡ ಕೊಡೆ."

ಎಲ್ಲರೂ ಅವಳತ್ತ ತಿರುಗಿದರು.

"ಕೊಡೋದಾದ್ರೇನು, ಕಡ ಆದ್ರೇನು?" ಷಡಕ್ಷರಯ್ಯ ಗದರಿದ.

"ಕೊಟ್ಟೇ ಬಿಟ್ರೆ ನಂಗೆ ಹೆಸರೇ ಇರಲ್ವಲ್ಲ ಅಯ್ಯ. ಕಡ ಆದ್ರೆ, ವಾಪಸ್ ಕೊಡೋಕೆ ಅಮ್ಮ ಇನ್ನೊಂದ್ ಸಲ ಬರ್ತಾಳೆ."

ಬಾಗಿಲ ಹಿಂದೆ ಯಾರೋ ಉಸಿರೆಳೆದುಕೊಂಡರು. ದೇವೀರಮ್ಮನಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಇಷ್ಟು ಚೆನ್ನಾಗಿ ಹಾಡಿದ್ದು ತಾನು. ಆದರೂ ಒಂದು ಸಣ್ಣ ಮಾತು ಎತ್ತಿಟ್ಟು ಹಾಡನ್ನು ಪೂರಾ ಮಾಡಿಕೊಂಡವಳು ಅವಳು.

"ಕೇಳಿದ್ರಲ್ಲ," ಎಂದ ಷಡಕ್ಷರಯ್ಯ. "ಅಮ್ಮ ಇವ್ರ ಮನೆಗೆ ಓಡಾಡ್ತಾಳಂತೆ."

"ನಮ್ಮಲ್ಲೂ ಇದು ದೊಡ್ಡ ಪಾಪ, ಗುನಾಹ್," ಎಂದ ರಜಬ್ ಅಲಿ. "ಈಕೆ ತಪ್ಪಾಯ್ತು ಅಂತ ತೌಬಾ ಮಾಡ್ಬೇಕು. ಇಲ್ದಿದ್ರೆ ಇವ್ರ ಮನೆ ಮದುವೆಗೂ ಸಾವಿಗೂ ಜಮಾತಿನೋರು ಯಾರೂ ಬರಲ್ಲ."

"ಎಸ್ಟೇಟಿನ ಲೆಕ್ಕ ಬರಿಯೋ ರೈಟರಿಗೂ ನಾನು ಹೇಳ್ಬೇಕಾಗ್ತದೆ, ಬೇರೆ ಗಾಡಿ ನೋಡ್ಕೊಳ್ಳಿ ಅಂತ," ಷಡಕ್ಷರಯ್ಯ ಸೇರಿಸಿದ. ಬಾವಿ ನೀರಿನಿಂದ ಹಿಡಿದು ಗೋರಿ ಜಾಗದವರೆಗೆ ಎಲ್ಲಕ್ಕೂ ಜಗಳವಾಡಿದ್ದ ಆ ಇಬ್ಬರು ಅಂದು ಒಬ್ಬರ ಮಾತಿಗೆ ಒಬ್ಬರು ತಲೆದೂಗಿದರು.

ಬೆಳ್ಳಿಯಪ್ಪ ತಾಹಿರಾಳತ್ತ ನೋಡದೆಯೇ ಹೇಳಿದ. "ನೋಡಮ್ಮ, ನಂಗೇನು ಸಿಟ್ಟಿಲ್ಲ. ಆದ್ರೆ ಊರು ನೆಟ್ಟಗಿರ್ಬೇಕು. ಆ ಹಾಡು ಇನ್ಮೇಲೆ ಯಾರೂ ಹೇಳೋದು ಬೇಡ. ನೀನು ಯಾವ ಹಾಡೂ ಹೇಳ್ಬೇಡ. ಕಟ್ಟೋದೂ ಬೇಡ."

"ಹೇಳಲ್ಲ ಅಂತೀನಿ ಅಣ್ಣ. ಕಟ್ಟೋದು ನನ್ನ ಕೈಲಿಲ್ಲ. ಅದು ಬರ್ತದೆ."

"ಬಂದ್ರೂ ಬಾಯಿ ಮುಚ್ಕಂಡಿರು," ಎಂದ ಮೊಯ್ದು. ಅವನು ಅಲ್ಲಿಗೆ ಬಂದ ಮೇಲೆ ಆಡಿದ ಮೊದಲ ಮಾತು ಅದು. ತಾಹಿರಾ ಗಂಡನ ಬೆನ್ನನ್ನೇ ನೋಡುತ್ತ ನಿಂತಳು.

"ಆಯ್ತು," ಎಂದಳು.

ಮುಂದಿನ ಮದುವೆ ಜಾವಳಿಯಲ್ಲಿ ನಡೆಯಿತು. ದೇವೀರಮ್ಮನನ್ನು ಕರೆತರಲು ಗಾಡಿಯನ್ನೇ ಕಳಿಸಿದ್ದರು. ಅವಳು ಬೆಳಗಿನಿಂದ ಒಂದರ ಹಿಂದೆ ಒಂದು ಹಾಡೆತ್ತಿದಳು. ಹೆಂಗಸರು ತಪ್ಪದೆ ಸೊಲ್ಲು ಕೊಟ್ಟರು. ಯಾರೂ ಜಗಲಿಯ ತುದಿಗೆ ನೋಡಲಿಲ್ಲ. ಅರಿಶಿನ ಹಚ್ಚುವಾಗ ಯಾರೂ ಅಳಲಿಲ್ಲ. ಮುತ್ತಮ್ಮ ಆಕಳಿಸಿದಳು. ಎಲೆ ಅಡಿಕೆ, ಕುಪ್ಪಸದ ಬಟ್ಟೆ ಮಡಿಲಿಗೆ ಹಾಕುವಾಗ ಮನೆಯೊಡತಿ, "ಎಲ್ಲ ಮೊದಲಿನ ಹಾಗೇ ಆಯ್ತು ನೋಡಿ ದೇವೀರಕ್ಕ," ಎಂದಳು. ಆ ಮಾತು ಅವಳನ್ನು ದಾರಿಯುದ್ದಕ್ಕೂ ಚುಚ್ಚಿತು.

ಗೋಣಿಬೀಡು ಹತ್ತಿರವಾದಾಗ ಅವಳು ಗಾಡಿ ಇಳಿದು, ಮನೆಯ ದಾರಿ ಬಿಟ್ಟು ಮೊಯ್ದುವಿನ ಮನೆಯತ್ತ ನಡೆದಳು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳಲ್ಲಿ ಮಾತಿರಲಿಲ್ಲ. ಮಡಿಲಿನ ಬಟ್ಟೆ ಕೊಟ್ಟು ಬರಬೇಕೆಂದುಕೊಂಡಳು. ಏನಾದರೂ ಹೊಸದು ಕಟ್ಟಿದ್ದೀಯಾ ಎಂದು ಕೇಳಬೇಕೆಂದುಕೊಂಡಳು. ಹೊಸದು ಇರಬಾರದು ಎಂದೂ ಅಂದುಕೊಂಡಳು.

ಸಂಜೆ ಬಿಸಿಲು ಲಂಟಾನ ಬೇಲಿಯ ಮೇಲಿತ್ತು. ಮನೆಯ ಬಾಗಿಲು ಮುಂದೆ ಮಾಡಿತ್ತು. ಒಳಗೆ ಬೀಸುಕಲ್ಲು ತಿರುಗುತ್ತಿತ್ತು. ಅದರ ಗರಗರದ ಕೆಳಗೆ, ತೀರ ಸಣ್ಣಗೆ, ಒಂದು ದನಿ. ಮಾತು ತಿಳಿಯುತ್ತಿರಲಿಲ್ಲ. ರಾಗ ಅವಳು ಎಂದೂ ಕೇಳದ್ದು; ತಾಯಿಯದ್ದಲ್ಲ, ಅಜ್ಜಿಯದ್ದಲ್ಲ, ಬೆಟ್ಟ ಇಳಿದ ಅಮ್ಮನದ್ದೂ ಅಲ್ಲ.

ದೇವೀರಮ್ಮ ಇನ್ನೊಂದು ಹೆಜ್ಜೆ ಇಟ್ಟಳು. ಕಾಲಡಿಯಲ್ಲಿ ತರಗೆಲೆ ಸದ್ದಾಯಿತು.

ದನಿ ನಿಂತಿತು. ಬೀಸುಕಲ್ಲು ಮಾತ್ರ ಮೊದಲಿನಂತೆಯೇ ತಿರುಗಿತು. ದೇವೀರಮ್ಮ ಬೇಲಿಯ ಗೂಟ ಹಿಡಿದುಕೊಂಡು, ಎತ್ತಿದ ಕಾಲನ್ನು ಕೆಳಗಿಡದೆ, ಉಸಿರು ಬಿಗಿಹಿಡಿದು ನಿಂತಳು.