ಅಪೂರ್ವಳ ಇಂಟರ್‌ವ್ಯೂ, ಆಯಿಯ ಉಪವಾಸ

ಉಗಾರ ಖುರ್ದದಲ್ಲಿ ಕಬ್ಬು ನುರಿಸುವ ಸೀಜನ್ ಶುರುವಾಯಿತೆಂದರೆ ಊರಿಗೆಲ್ಲ ಒಂದೇ ವಾಸನೆ, ಕುದಿಯುವ ಕಬ್ಬಿನ ಹಾಲಿನದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯ ಅಪೂರ್ವ ಮಾತ್ರ ಅಂಗಳಕ್ಕೆ ಬಂದು ಆ ವಾಸನೆಯನ್ನು ಎದೆತುಂಬ ಎಳೆದುಕೊಳ್ಳುತ್ತಾಳೆ. ಬಿ.ಎಸ್ಸಿ. ಮುಗಿಸಿದ ಹುಡುಗಿ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಬೇಕೆಂಬುದೊಂದೇ ಅವಳ ಆಸೆ.

ಆಸೆಯೇನೋ ಬೆಟ್ಟದಷ್ಟು. ಆದರೆ ಕಳೆದ ಬಾರಿ ಅಥಣಿ ಕಡೆಯ ಒಂದು ಕಾರ್ಖಾನೆಗೆ ಇಂಟರ್‌ವ್ಯೂಗೆ ಹೋದವಳು ಕೈಕಾಲು ನಡುಗಿ, ಕಣ್ಣಿಗೆ ಕತ್ತಲೆ ಕವಿದು, ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡು ಮನೆಗೆ ಬಂದಿದ್ದಳು. ಈಗ ಇನ್ನೊಂದು ಕಾರ್ಖಾನೆಯಿಂದ ಕರೆ ಬಂದಿತ್ತು. ಮರುದಿನವೇ ಇಂಟರ್‌ವ್ಯೂ. ಹುಡುಗಿ ಮೂಲೆ ಹಿಡಿದು ಕುಳಿತಿದ್ದಳು. ಇದೂ ಕೈತಪ್ಪಿದರೆ ಮುಂದಿನ ಸೀಜನ್‌ವರೆಗೆ ಯಾರೂ ಕರೆಯುವುದಿಲ್ಲ.

ಅವಳ ಗೆಳತಿ ರುಕ್ಸಾರ ಕಾಗವಾಡದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ರಜೆ ಇದ್ದದ್ದರಿಂದ ಅಂದು ಮಧ್ಯಾಹ್ನ ಬಂದಳು. ಅಪೂರ್ವಳ ಅಜ್ಜಿ, ಎಲ್ಲರ ಬಾಯಲ್ಲೂ ಆಯಿ ಆಗಿರುವ ಗಂಗೂಬಾಯಿ ಬಾಗಿಲಲ್ಲೇ ಕುಳಿತಿದ್ದರು.

"ಬಾ ಬೇ ರುಕ್ಸಾರ. ನಿನ್ನ ಗೆಳತಿಗೆ ಒಂದೀಟು ಧೈರ್ಯ ಹೇಳು. ನಾಳೆ ಉಪವಾಸ ಹಿಡಿದು ಹೋಗು ಅಂದೀನಿ. ಇವತ್ತು ಹೊತ್ತು ಮುಳುಗೂದರೊಳಗ ಉಂಡ್ರ ಮುಗೀತು, ನಾಳೆ ಬರೂತನಕ ನೀರೂ ಮುಟ್ಟೂದಿಲ್ಲ. ಮನಸ್ಸು ಗಟ್ಟಿ ಆಕ್ಕೈತಿ."

"ಹೋದ ಸಲನೂ ಹಿಂಗ ಹೋಗಿದ್ಲೇನ್ರಿ ಆಯಿ?"

"ಮತ್ತ? ನಾನ ಹಿಡಿಸಿದ್ದೆ!" ಗಂಗೂಬಾಯಿ ಹೆಮ್ಮೆಯಿಂದಲೇ ಹೇಳಿದರು.

ರುಕ್ಸಾರ ಹಣೆ ಬಡಿದುಕೊಂಡಳು. "ಅಯ್ಯ ಆಯಿ! ಹಿಂದಿನ ದಿನ ಸಂಜೀಕ ಉಂಡಾಕಿ, ಮರುದಿನ ಬಸ್ಸಿನ್ಯಾಗ ನಿಂತು ಹೋಗ್ಯಾಳ, ಮಧ್ಯಾಹ್ನತನಕ ಪಾಳಿ ಕಾಯ್ದಾಳ. ಕೈ ನಡಗದ ಏನ್ ಮಾಡ್ತಾವ್ರಿ? ಹೆದರಿಕಿ ಅರ್ಧ, ಹಸಿವು ಅರ್ಧ!"

"ನಾ ನಮ್ಮ ಜೈನರ ಪರ್ಯುಷಣ ಹಬ್ಬದಾಗ ಎಷ್ಟ್ ಉಪವಾಸ ಮಾಡ್ತೀನಿ, ನನ್ನ ಕೈ ನಡಗ್ತಾವೇನು?"

"ನೀವು ಬಸದ್ಯಾಗ ಶಾಂತ ಕುಂತಿರ್ತೀರಿ. ನಿಮ್ಮನ್ನ ಯಾರರ ಎದುರಿಗೆ ಕುಂದ್ರಿಸಿಕೊಂಡು ಕೆಮಿಸ್ಟ್ರಿ ಕೇಳ್ತಾರೇನು? ನಾವೂ ರಂಜಾನದಾಗ ರೋಜಾ ಹಿಡೀತೀವ್ರಿ. ಆದ್ರ ಪ್ರವಾಸ ಇದ್ರ ಬಿಟ್ಟು ಮುಂದ ಹಿಡೀಬಹುದು ಅಂತ ನಮ್ಮ ನಾನಿ, ನಮ್ಮಜ್ಜೀನ, ಹೇಳ್ತಾಳ."

ಗಂಗೂಬಾಯಿ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಹೊಟ್ಟಿ ತುಂಬಿಸಿಕೊಂಡ್ರ ಹೆದರಿಕಿ ಹೋಗಿಬಿಡ್ತೈತೇನು?"

"ಪೂರಾ ಹೋಗೂದಿಲ್ರಿ. ಬ್ಯಾಂಕಿನ ಇಂಟರ್‌ವ್ಯೂದಾಗ ನನಗೂ ಹೋಗಿದ್ದಿಲ್ಲ. ಬಾಯಿಬಿಟ್ಟು ಮಾತಾಡಿ ರೂಢಿ ಮಾಡ್ಕೊಂಡೆ. ಇಕಿ ಎಲ್ಲಾ ಮನಸ್ಸಿನ್ಯಾಗ ಓದ್ತಾಳ, ಬಾಯಿ ತೆರಿಯೂದಿಲ್ಲ. ಬರ್ರಿ, ಈಗ ನೀವ ಸಾಹೇಬ್ರು ಆಗ್ರಿ."

ಸಾಹೇಬರಾಗು ಎಂದರೆ ಯಾರು ಬೇಡ ಎನ್ನುತ್ತಾರೆ? ಗಂಗೂಬಾಯಿ ಸೆರಗು ಸರಿಮಾಡಿಕೊಂಡು ಕುರ್ಚಿ ಏರಿದರು. ಎದುರಿಗೆ ಅಪೂರ್ವಳನ್ನು ಕೂರಿಸಿದರು.

"ಆತು, ಹೇಳು. ಈ ನೌಕರಿ ನಿನಗ ಯಾಕ ಬೇಕು?"

ಅಪೂರ್ವ ಬಾಯಿಪಾಠ ಮಾಡಿದ ಇಂಗ್ಲಿಷ್ ಉತ್ತರ ತೆಗೆದಳು. ಎರಡನೆಯ ಸಾಲಿಗೇ ಮಾತು ತೊಡರಿತು.

"ಉಸಿರು ಸಾವಕಾಶ ಬಿಡು," ಎಂದಳು ರುಕ್ಸಾರ. "ಇನ್ನೊಮ್ಮೆ. ಮೊದಲ ನಮ್ಮ ಮಾತಿನ್ಯಾಗ ಖರೇ ಏನೈತಿ ಅದನ್ನ ಹೇಳು. ಇಂಗ್ಲಿಷ್ ಆಮ್ಯಾಲೆ ಮಾಡೂಣು."

ಅಪೂರ್ವ ಗೆಳತಿ ಹೇಳಿದಂತೆ ಉಸಿರು ಬಿಟ್ಟಳು. ಆಮೇಲೆ ಮೆಲ್ಲಗೆ ಹೇಳತೊಡಗಿದಳು.

"ಅಪ್ಪ ಕಬ್ಬಿನ ಟ್ರ್ಯಾಕ್ಟರ್ ತಗೊಂಡು ಕಾರ್ಖಾನಿ ಗೇಟಿನ್ಯಾಗ ಪಾಳಿ ಹಚ್ಚಿರ್ತಿದ್ದ. ಸಣ್ಣಾಕಿ ಇದ್ದಾಗ ನಾ ಬುತ್ತಿ ಒಯ್ತಿದ್ದೆ. ಒಂದಿನ ಒಳಗ ಕಿಟಕಿ ಹಂತ್ಯಾಕ ಬಿಳಿ ಕೋಟ್ ಹಾಕ್ಕೊಂಡಾಕಿ ಒಬ್ಬಾಕಿ ನಿಂತಿದ್ಲು. ಗಾಜಿನ ನಳಗಿ ಬೆಳಕಿಗೆ ಹಿಡಿದು ನೋಡಾಕತ್ತಿದ್ಲು. ಅಕಿ ಏನ್ ನೋಡಾಕತ್ತಾಳ ಅಂತ ನನಗ ತಿಳೀಬೇಕಿತ್ತು ಆಯಿ. ನಮ್ಮಪ್ಪ ಬೆಳದ ಕಬ್ಬಿನ್ಯಾಗ ಸಕ್ರಿ ಎಷ್ಟೈತಿ ಅಂತ ನಾನ ಅಳೀಬೇಕು. ಈಗೂ ಆ ಗೇಟಿನ ಮುಂದ ಹಾದು ಹೋದ್ರ ಆ ಕಿಟಕಿ ಕಡೇನ ನೋಡ್ತೀನಿ."

ಗಂಗೂಬಾಯಿಗೆ ಮುಂದಿನ ಪ್ರಶ್ನೆ ಮರೆತೇ ಹೋಯಿತು.

"ಇಷ್ಟ್ ಆಸೆ ಐತೇನ್ ಬೇ ನಿನಗ? ಒಂದ ಮನ್ಯಾಗಿದ್ದು ನನಗ ಗೊತ್ತ ಇಲ್ಲಲ್ಲ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಯಾರೂ ಹಿಂಗ ಎದುರಿಗೆ ಕುಂದ್ರಿಸಿ, ನಿನಗೇನ್ ಬೇಕು ಅಂತ ಕೇಳಲಿಲ್ಲವಾ. ಕೇಳಿದ್ರ ನಾನೂ ಏನರ ಹೇಳ್ತಿದ್ನೇನೋ."

ರುಕ್ಸಾರ ಗೆಳತಿಯ ಕೈ ಹಿಡಿದಳು. "ನೋಡು, ನೀ ನಡಗೂದು ಉತ್ತರ ಬರೂದಿಲ್ಲ ಅಂತಲ್ಲ. ಈ ಕೆಲಸ ನಿನಗ ಅಷ್ಟು ಬೇಕಾಗೈತಿ, ಅದಕ್ಕ. ಬ್ಯಾಡಾಗಿದ್ರ ಯಾರ ಕೈ ಯಾಕ ನಡಗ್ತಿತ್ತು? ನಾಳೆ ಅಲ್ಲಿ ಮಾತು ತೊಡರಿದ್ರ, ಒಂದ್ ನಿಮಿಷ ಕೊಡ್ರಿ ಅಂತ ಕೇಳು. ನೀರು ಕುಡಿ. ನಾಚಿಗೇನೈತಿ ಅದರಾಗ?"

ಸಂಜೆತನಕ ಗಂಗೂಬಾಯಿ ಕುರ್ಚಿ ಬಿಟ್ಟೇಳಲಿಲ್ಲ. ತಿರುಗಿಸಿ ಮುರುಗಿಸಿ ಕೇಳಿದ್ದೇ ಕೇಳಿದರು. ಅಪೂರ್ವಳ ದನಿ ಒಂದೊಂದು ಸುತ್ತಿಗೂ ಬಿಚ್ಚಿಕೊಳ್ಳುತ್ತಾ ಹೋಯಿತು, ಇಂಗ್ಲಿಷೂ ಹಿಂದೆಯೇ ಬಂತು.

ಬೆಳಗ್ಗೆ ಹೊತ್ತು ಹುಟ್ಟುತ್ತಲೇ ಗಂಗೂಬಾಯಿ ಬಿಸಿ ಉಪ್ಪಿಟ್ಟು, ಮೊಸರು ತಂದು ಮೊಮ್ಮಗಳ ಮುಂದಿಟ್ಟರು.

"ಆಯಿ, ಉಪವಾಸ?"

"ಅದನ್ನ ನಾ ಹಿಡೀತೀನಿ. ನೀ ತಿನ್ನು."

ಅಪ್ಪ ತಾತ್ಯಾಸಾಹೇಬ ತನ್ನ ಬೈಕಿನಲ್ಲೇ ಕರೆದುಕೊಂಡು ಹೋದ. ಅಲ್ಲಿ ಮೊದಲ ಪ್ರಶ್ನೆಗೇ ಅಪೂರ್ವಳ ಮಾತು ಮತ್ತೆ ತೊಡರಿತು. ಒಂದು ನಿಮಿಷ ಕೊಡಿ ಎಂದು ಕೇಳಿದಳು. ನೀರು ಕುಡಿದು, ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟಳು. ಕೈ ಇನ್ನೂ ಸಣ್ಣಗೆ ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟು, ಮಾತು ಶುರುಮಾಡಿದಳು.

ಹೊರಗೆ ಕಾದಿದ್ದ ಅಪ್ಪ ಕೇಳಿದ, "ಆತೇನ್ ಮಗಾ?"

"ಆಕ್ಕೈತೋ ಇಲ್ಲೋ ಗೊತ್ತಿಲ್ಲಪ್ಪಾ. ಆದ್ರ ಈ ಸಲ ಏನೂ ನುಂಗಿಕೊಂಡು ಬಂದಿಲ್ಲ. ಎಲ್ಲಾ ಹೇಳಿ ಬಂದೀನಿ."

ಕಾರ್ಖಾನೆಯವರ ಉತ್ತರ ಇನ್ನೂ ಬಂದಿಲ್ಲ. ಅಪೂರ್ವ ದಾರಿ ಕಾಯುತ್ತಿದ್ದಾಳೆ, ಅವಳ ಜೊತೆ ನಮ್ಮ ಓಣಿಯೂ ಕಾಯುತ್ತಿದೆ. ಗಂಗೂಬಾಯಿಯಂತೂ ಕುರ್ಚಿ ಸಿಕ್ಕಲ್ಲೆಲ್ಲ ಕುಳಿತು ಓಣಿಯ ಹುಡುಗರನ್ನೆಲ್ಲ ಇಂಟರ್‌ವ್ಯೂ ಮಾಡುತ್ತಿದ್ದಾರೆ!

ಇದನ್ನು ಓದುತ್ತಿರುವ ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಇಂಟರ್‌ವ್ಯೂಗೆ ಹೊರಟಿರಬಹುದು. "ಹೆದರಬೇಡ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ. ಹೊಟ್ಟೆಗೆ ಹಾಕಿ ಕಳಿಸಿ. ಹೆದರಿಕೆಯಿಂದ ದಿನಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ ನಾಚಿಕೊಳ್ಳದೆ ಡಾಕ್ಟರ ಬಳಿ ಕರೆದೊಯ್ಯಿರಿ. ಅದಕ್ಕೂ ಮೊದಲು ಒಂದು ಸಂಜೆ ಎದುರಿಗೆ ಕೂರಿಸಿಕೊಂಡು, "ಈ ಕೆಲಸ ನಿನಗೆ ಯಾಕೆ ಬೇಕು?" ಎಂದು ಕೇಳಿ. ಕೇಳಿದ ಮೇಲೆ ನಡುವೆ ಬಾಯಿ ಹಾಕದೆ, ಅವರು ಹೇಳಿ ಮುಗಿಸುವವರೆಗೆ ಕುಳಿತುಕೊಳ್ಳಿ. ಇಷ್ಟು ದಿನ ಅವರನ್ನು ಯಾರೂ ಕೇಳಿಲ್ಲದಿರಬಹುದು.