ಅಜ್ಜನ ಪಾದದ ಅಳತೆ

ಇಲ್ಲ, ಇದು ಅದಾಗಿರಲಿಕ್ಕಿಲ್ಲ. ಇಂಥ ಹಲಗೆಗಳು ಈ ಕಡೆಯ ಹಳೇ ಮನೆಗಳಲ್ಲಿ ಎಷ್ಟಿಲ್ಲ? ಹೊಗೆ ಕುಡಿದ ತೇಗ ಯಾರ ಮನೆಯದಾದರೂ ಒಂದೇ ಬಣ್ಣಕ್ಕೆ ತಿರುಗುತ್ತದೆ. ಬಳ್ಳಿಯೂ ಎಲ್ಲ ಕೆತ್ತನೆಗಾರರು ಕೆತ್ತುವಂಥದೇ. ಅಗಲ ಕಡಿಮೆ ಇದೆ, ನಿಜ. ಕೊಂಡವರು ಗೋಡೆಗೆ ಹೊಂದಲೆಂದು ಎರಡೂ ಬದಿ ಕೊಯ್ಸಿರಬಹುದು.

ಹಾಗೆಂದುಕೊಂಡು ವಿರುನ್ ಹಲಗೆಯ ಎರಡೂ ತುದಿ ನೋಡಿದ. ಗರಗಸ ತಾಗಿದ ಗುರುತಿರಲಿಲ್ಲ. ತುದಿಗಳು ನೂರು ಕೈ ಸವರಿದಂತೆ ನುಣ್ಣಗಿದ್ದವು.

ಅವನು ನಿಂತಿದ್ದದ್ದು ಪಿಂಗ್ ನದಿಯ ದಂಡೆಯ ಹೊಸ ಮನೆಯೊಂದರ ಮಲಗುವ ಕೋಣೆಯಲ್ಲಿ. ಮನೆಯೊಡತಿ ಪೈಲಿನ್ ಮಣ್ಣಿನ ಬಟ್ಟಲು, ಹೂದಾನಿ ಮಾಡುವವಳು. ಬ್ಯಾಂಕಾಕ್ ಸಾಕೆಂದು ಚಿಯಾಂಗ್ ಮಾಯ್‌ಗೆ ಬಂದು ಎರಡು ವರ್ಷ ಕೂತು ಈ ಮನೆ ಕಟ್ಟಿಸಿದ್ದಳು. ಚಂದದ ಮನೆಗಳ ಬಗ್ಗೆ ಮಾಸಪತ್ರಿಕೆಯೊಂದಕ್ಕೆ ಬರೆಯುವುದು ವಿರುನ್‌ನ ಕೆಲಸ. ಒಂಬತ್ತು ವರ್ಷದಿಂದ ಅವನು ಬೇರೆಯವರ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬೆಳಕು ಎಲ್ಲಿಂದ ಬರುತ್ತದೆ, ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಅದಕ್ಕೊಂದು ಮಾತು ಹುಡುಕಿ ಬರೆದಿದ್ದ. ಈ ಮನೆಯಲ್ಲೂ ಬೆಳಗಿನಿಂದ ಅದನ್ನೇ ಮಾಡುತ್ತಿದ್ದ. ಭತ್ತದ ಕಣಜದ ಹಲಗೆಗಳಿಂದ ಮಾಡಿದ ನೆಲ, ಕೈಯಿಂದಲೇ ಉಜ್ಜಿ ಹೊಳಪು ತಂದ ಸಿಮೆಂಟ್ ಗೋಡೆ, ಹಿಪ್ಪುನೇರಳೆ ಕಾಗದದ ಗೂಡುದೀಪ, ಒಲೆಯ ಪಕ್ಕ ಸಾಲಾಗಿ ತೂಗುಹಾಕಿದ ಅಂಟಕ್ಕಿ ಬುಟ್ಟಿಗಳು. ಎಲ್ಲವೂ ಇರಬೇಕಾದಲ್ಲಿ ಇದ್ದವು. ಎಷ್ಟೋ ತಿಂಗಳ ಮೇಲೆ ಅವನಿಗೆ ಬರೆಯಬೇಕೆಂದು ನಿಜವಾಗಿ ಆಸೆಯಾಗಿತ್ತು.

ಆಮೇಲೆ ಪೈಲಿನ್ ಮಲಗುವ ಕೋಣೆಯ ಬಾಗಿಲು ತೆರೆದಳು. ಮಂಚದ ತಲೆಯ ಕಡೆ, ಬಿಳಿ ಗೋಡೆಯ ಮೇಲೆ, ಈ ಹಲಗೆ.

"ಏನೋ, ಹಲಗೆ ಜೊತೆ ಮದುವೆ ಮಾಡ್ಕೊತೀಯಾ?" ಹಿಂದಿನಿಂದ ಪುಯ್ ಕೂಗಿದಳು. ಫೋಟೋ ತೆಗೆಯುವವಳು, ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು. "ಸರಿಯೋ ಆಚೆ. ಫೋಟೋದಲ್ಲಿ ನಿನ್ನ ಬೆನ್ನೇ ಬರ್ತಿದೆ. ಅದನ್ನ ನೋಡೋಕೆ ಯಾರೂ ಪತ್ರಿಕೆ ತರಿಸಲ್ಲ."

"ಒಂದ್ನಿಮಿಷ ಅಕ್ಕ."

"ನಿನ್ನ ಒಂದ್ನಿಮಿಷಕ್ಕೆ ಸೂರ್ಯ ನಿಲ್ತಾನಾ?"

ಅವನು ಸರಿಯಲಿಲ್ಲ. ಬಲತುದಿಯ ತಾವರೆಯನ್ನು ಹುಡುಕುತ್ತಿದ್ದ. ತಾವರೆ ಅಲ್ಲೇ ಇತ್ತು. ಏಳು ಎಸಳು ಕೆತ್ತಿತ್ತು, ಎಂಟನೆಯದು ಬರೀ ಗೀರಾಗಿಯೇ ಉಳಿದಿತ್ತು.

ಅವನು ಆ ಗೀರನ್ನು ಬೆರಳಿನಿಂದ ಸವರಿದ.

ಆ ಎಂಟನೇ ಎಸಳಿನ ಕತೆಯನ್ನು ಅಜ್ಜಿ ನೂರು ಸಲ ಹೇಳಿದ್ದಳು. ಕೆತ್ತನೆಯವನಿಗೆ ಮಧ್ಯಾಹ್ನ ಹಾಕಿದ ಅಂಟಕ್ಕಿ ಅನ್ನ ಗಟ್ಟಿಯಾಗಿತ್ತಂತೆ. ಅವನು ಅದನ್ನು ಆಡಿದನಂತೆ, ಅಜ್ಜಿ ತಿರುಗಿ ಆಡಿದಳಂತೆ. ಉಳಿ ಸುತ್ತಿಗೆ ಗಂಟುಕಟ್ಟಿ ಎದ್ದು ಹೋದವನು ಮತ್ತೆ ಬರಲಿಲ್ಲ.

ಅಗಲ ಕಡಿಮೆಯಾದದ್ದಕ್ಕೂ ಕತೆ ಇತ್ತು. ಮಲಗುವ ಕೋಣೆಯ ಬಾಗಿಲನ್ನು ಅಳೆಯುವುದು ಮನೆ ಯಜಮಾನನ ಪಾದದಿಂದ. ನಾಲ್ಕು ಪಾದ ಸೇರಿದರೆ ಬಾಗಿಲಿನ ಅಗಲ. ಅದರ ಮೇಲೆ ಕೂರಿಸುವ ಕೆತ್ತನೆ ಹಲಗೆಯೇ ಹಂಯೋನ್. ಅದು ಮನೆಯವರನ್ನು ಕಾಯುತ್ತದೆ, ಹೊರಗಿನವರು ಅದರಡಿ ದಾಟುವ ಹಾಗಿಲ್ಲ. ತೇಗದ ಕಾಡಿನಲ್ಲಿ ದಿಮ್ಮಿಯೊಂದು ಉರುಳಿ ಅಜ್ಜನ ಬಲಗಾಲಿನ ಬೆರಳುಗಳನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಎಡಗಾಲಿನಿಂದ ಅಳೆ ಎಂದು ಊರೇ ಹೇಳಿತು. ಅಜ್ಜ ಕೇಳಲಿಲ್ಲ. "ಈ ಮನೆಯ ಮರ ದುಡಿದಿದ್ದು ಬಲಗಾಲು. ಬಾಗಿಲೂ ಅದರದ್ದೇ." ಹೀಗಾಗಿ ಆ ಬಾಗಿಲು ಊರಿಗೆಲ್ಲ ಇಕ್ಕಟ್ಟಾದ ಬಾಗಿಲಾಯಿತು. ಹಾಸಿಗೆ ಸುರುಳಿ ಒಳಗೆ ಒಯ್ಯುವಾಗಲೆಲ್ಲ ಅಜ್ಜಿ ಅಡ್ಡಡ್ಡ ತಿರುಗಿ, ಗಂಡನ ಕಾಲನ್ನು ಬೈದುಕೊಂಡೇ ನಲವತ್ತು ವರ್ಷ ದಾಟಿದಳು.

ಅಜ್ಜಿ ಹೋದ ಮೇಲೆ ಗೆದ್ದಲು ಹತ್ತಿದ ಆ ಮನೆ ಬಿಚ್ಚಿ ಅಪ್ಪ ಅದೇ ಜಾಗದಲ್ಲಿ ಇಟ್ಟಿಗೆ ಮನೆ ಕಟ್ಟಿದ್ದ. ಹಂಯೋನ್ ಮಾತ್ರ ಹಳೇ ಕಂಬಳಿ ಸುತ್ತಿಕೊಂಡು ಮೆಟ್ಟಿಲ ಕೆಳಗೆ ಮಲಗಿತ್ತು. ಈಗಲೂ ಅಲ್ಲೇ ಇದೆ ಎಂದುಕೊಂಡಿದ್ದ ವಿರುನ್, ಈ ಕ್ಷಣದವರೆಗೆ.

"ಇಷ್ಟ ಆಯ್ತಾ?" ಪೈಲಿನ್ ಕಾಫಿ ಹಿಡಿದು ಬಂದಳು. ಅವಳ ಬೆರಳ ಸಂದಿಯಲ್ಲಿ ಒಣಗಿದ ಜೇಡಿಮಣ್ಣಿತ್ತು. "ಬಂದೋರೆಲ್ಲ ಇಲ್ಲೇ ನಿಲ್ತಾರೆ. ನೀವು ನಿಲ್ಲದೇ ಇದ್ದಿದ್ರೆ ನಂಗೆ ಬೇಜಾರಾಗ್ತಿತ್ತು. ಯಾಕಂದ್ರೆ ಇದು ನಿಮ್ಮಿಂದ ಬಂದಿದ್ದು."

"ನನ್ನಿಂದ?"

"ಬನ್ನಿ, ತೋರಿಸ್ತೀನಿ."

ಪಕ್ಕದ ಕೆಲಸದ ಕೋಣೆಯಲ್ಲಿ ಗೋಡೆ ತುಂಬ ಒಂದು ಬೋರ್ಡು. ಮನೆ ಕಟ್ಟುವ ಮೊದಲು ಅವಳು ಕಣ್ಣಿಗೆ ಹಿಡಿದದ್ದನ್ನೆಲ್ಲ ತಂದು ಇಲ್ಲಿ ಚುಚ್ಚಿದ್ದಳು: ಪತ್ರಿಕೆಯ ಪುಟಗಳು, ನೀಲಿ ಬಟ್ಟೆಯ ಚೂರು, ಒಣಗಿದ ಎಲೆ, ಯಾರದೋ ಅಡುಗೆಮನೆಯ ಕಿಟಕಿ. "ಕೈ ಓಡದೇ ಇದ್ದಾಗ ಇದರ ಮುಂದೆ ಕೂರ್ತಿದ್ದೆ," ಎಂದಳು. ನಡುವೆ ವಿರುನ್‌ನದೇ ಪುಟವಿತ್ತು, ಮೂರು ವರ್ಷದ ಹಿಂದಿನದು. ಹಳೇ ಹಲಗೆಯೊಂದನ್ನು ಹೋಟೆಲಿನ ಗೋಡೆಗೆ ಹಾಕಿದ್ದ ಚಿತ್ರ. ಅದರ ಕೆಳಗೆ ನಾಲ್ಕು ಸಾಲು. ಒಂದು ಸಾಲಿಗೆ ಪೈಲಿನ್ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

ಕಂಬಳಿ ಸುತ್ತಿ ಕತ್ತಲಲ್ಲಿಟ್ಟ ಚೆಲುವು ಯಾರನ್ನೂ ಕಾಯುವುದಿಲ್ಲ. ಅದನ್ನು ಬೆಳಕಿರುವ ಗೋಡೆಗೆ ತನ್ನಿ.

"ಈ ಪುಟ ಕಿತ್ಕೊಂಡು ಲಾಂಗನ್ ಹಣ್ಣಿನ ತೋಟದ ಹಳ್ಳಿಗಳಿಗೆಲ್ಲ ಹೋದೆ," ಪೈಲಿನ್ ನಕ್ಕಳು. "ಪೊಲೀಸರು ಕಳ್ಳನ ಫೋಟೋ ತೋರಿಸಿದ ಹಾಗೆ ಮನೆಮನೆಗೂ ತೋರಿಸಿದೆ. ಇಂಥದ್ದು ಇದೆಯಾ, ಇಂಥದ್ದು ಇದೆಯಾ ಅಂತ. ಎಲ್ರೂ ಇಲ್ಲ ಅಂದ್ರು. ಒಂದು ಮನೇಲಿ ಒಬ್ರು ಅಪ್ಪಾಜಿ, ನೀಲಿ ಅಂಗಿ, ಬಾಯಲ್ಲಿ ಎಲೆಅಡಿಕೆ ಥರ ಅಗಿಯೋ ಚಹಾ ಎಲೆ. ಪುಟ ತಗೊಂಡು ಓದಿದ್ರು. ಮತ್ತೆ ಓದಿದ್ರು. 'ಇದನ್ನ ಇಲ್ಲೇ ಬಿಟ್ಟು ಹೋಗಮ್ಮಾ' ಅಂದ್ರು. ನನ್ನ ಹತ್ರ ಇನ್ನೊಂದು ಪ್ರತಿ ಇತ್ತು ಅನ್ನಿ. ಹದಿನೈದು ದಿನಕ್ಕೆ ಅವರೇ ಪಿಕಪ್‌ನಲ್ಲಿ ಹಾಕ್ಕೊಂಡು ಬಂದ್ರು."

ವಿರುನ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ.

"ಹೆಸರು ಹೇಳಿದ್ರಾ?"

"ಕೇಳ್ದೆ. 'ಹೆಸರು ತಗೊಂಡು ಗೋಡೆಗೆ ಹಾಕ್ತೀಯಾ?' ಅಂದ್ರು." ಪೈಲಿನ್ ಮತ್ತೆ ನಕ್ಕಳು. ಆಮೇಲೆ ನಗು ನಿಂತಿತು. "ದುಡ್ಡೂ ತಗೊಳ್ಳಲಿಲ್ಲ, ಗಾಡಿಗೆ ಡೀಸೆಲ್ ಹಾಕ್ಸು ಸಾಕು ಅಂದ್ರು. ಆದ್ರೆ ಒಂದು ಮಾಡಿದ್ರು ನೋಡಿ. ಇಳಿಸಿದ ತಕ್ಷಣ ಅಂಗಳದಲ್ಲಿ ನಿಲ್ಲಿಸಿ, ಒಂದು ಕೋಲು ತಗೊಂಡು ಹೊಡೆದ್ರು. ನಾನು ಕಿರುಚಿಬಿಟ್ಟೆ. ಹಾಳಾಗುತ್ತೆ, ಹೊಡೀಬೇಡಿ ಅಂತ. 'ಹೊಡೀದೇ ಇದ್ರೆ ಇದು ನಿನ್ನ ಮನೆಗೆ ಬರಲ್ಲ ಮಗಳೇ, ಇಲ್ಲಿದ್ದುಕೊಂಡು ನಮ್ಮನ್ನೇ ಕಾಯ್ತಿರುತ್ತೆ' ಅಂದ್ರು. ಮೂರು ಏಟು. ಆಮೇಲೆ ಅಂಗೈಯಲ್ಲಿ ಸವರಿದ್ರು, ಎತ್ತಿಗೆ ಸವರ್ತಾರಲ್ಲ, ಹಾಗೆ."

ಅವನು ಮತ್ತೆ ಮಲಗುವ ಕೋಣೆಗೆ ಹೋದ. ಏಟುಗಳು ಇದ್ದವು. ಬಳ್ಳಿಯ ನಡುವೆ ಮೂರು ಕಡೆ ಕಪ್ಪು ಮೈ ಒಡೆದು ಒಳಗಿನ ಹೊಂಬಣ್ಣ ಕಾಣುತ್ತಿತ್ತು. ಅಷ್ಟು ಹೊತ್ತೂ ಅವುಗಳ ಮುಂದೆಯೇ ನಿಂತಿದ್ದ, ನೋಡಿರಲಿಲ್ಲ. ಮನೆ ಬೇರೆಯವರ ಕೈಗೆ ಹೋಗುವಾಗ ಹಂಯೋನ್‌ಗೆ ಹೊಡೆಯುತ್ತಾರೆ, ಹಳೇ ಯಜಮಾನನ ಕಾವಲು ಅಲ್ಲಿಗೆ ಮುಗಿಯಲಿ ಎಂದು. ಹೊಡೆಯುವವನು ಕೊಂಡವನು. ಕೊಟ್ಟವನೇ ಹೊಡೆದದ್ದನ್ನು ವಿರುನ್ ಎಲ್ಲೂ ಕೇಳಿರಲಿಲ್ಲ.

"ಇನ್ನೊಂದು ಕೇಳಿದ್ರು," ಬಾಗಿಲಲ್ಲಿ ನಿಂತು ಪೈಲಿನ್ ಹೇಳಿದಳು. "ನಿಮ್ಮನೆ ಆ ಪತ್ರಿಕೇಲಿ ಬರುತ್ತಾ ಅಂತ. ಯಾರಿಗ್ಗೊತ್ತು ಅಂದೆ. 'ಬರುತ್ತೆ ಬಿಡು' ಅಂದ್ರು. ಬಂದ್ಬಿಡ್ತಲ್ಲ!"

ಪುಯ್ ಕ್ಯಾಮೆರಾ ಇಳಿಸಿ ವಿರುನ್‌ನ ಮುಖ ನೋಡಿದಳು. "ಹುಷಾರಿಲ್ವೇನೋ? ಮುಖ ಬಿಳಿಚ್ಕೊಂಡಿದೆ."

"ಬೆಳಗ್ಗೆ ತಿಂದಿಲ್ಲ ಅಕ್ಕ."

"ತಿನ್ನದೇ ಬರ್ತೀಯ, ಆಮೇಲೆ ಹಲಗೆ ತಿನ್ನೋ ಹಾಗೆ ನೋಡ್ತೀಯ."

ಅವನು ನಕ್ಕ. ನಕ್ಕದ್ದು ಅವನಿಗೇ ಕೇಳಿಸಲಿಲ್ಲ.

ಅಲ್ಲಿಂದ ನೇರ ಊರಿಗೆ ಹೊರಟ. ಒಂದು ಗಂಟೆಯ ದಾರಿ. ದಾರಿಯುದ್ದಕ್ಕೂ ಅವನು ಮಾತುಗಳನ್ನು ಜೋಡಿಸಿದ. ಯಾಕೆ ಕೊಟ್ಟೆ ಎಂದು ಕೇಳಬೇಕು. ನನ್ನನ್ನೊಂದು ಮಾತು ಕೇಳಬಾರದಿತ್ತೇ ಎನ್ನಬೇಕು. ಪೈಲಿನ್ ಒಳ್ಳೆಯವಳು, ಹೇಳಿದರೆ ವಾಪಸ್ ಕೊಟ್ಟಾಳು. ಇವತ್ತೇ ತೀರ್ಮಾನವಾಗಬೇಕು, ಪತ್ರಿಕೆಯಲ್ಲಿ ಒಮ್ಮೆ ಬಂದರೆ ಆಮೇಲೆ ಅದು ಎಂದೆಂದಿಗೂ ಅವಳ ಮನೆಯ ಹಲಗೆಯೇ.

ಅಪ್ಪ ಕಮ್ಮೂನ್ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ಮಗನನ್ನು ನೋಡಿ ಕತ್ತಿ ಕೆಳಗಿಟ್ಟ.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ? ಇವತ್ತು ಹಬ್ಬ ಅಲ್ಲವಲ್ಲ."

"ಹೀಗೇ."

ವಿರುನ್ ಒಳಗೆ ಹೋದ. ಮೆಟ್ಟಿಲ ಕೆಳಗೆ ಹಳೇ ಕಂಬಳಿ ನಾಲ್ಕು ಮಡಿಕೆಯಾಗಿ ಮಡಚಿಟ್ಟಿತ್ತು. ಗೊತ್ತಿದ್ದೂ ಅವನು ಅದನ್ನು ಬಿಚ್ಚಿ ನೋಡಿದ. ತಿರುಗಿದರೆ ಅಪ್ಪ ಹಿಂದೆಯೇ ನಿಂತಿದ್ದ.

"ನೋಡಿದ್ಯಾ ಅಲ್ಲಿ?" ಅಪ್ಪ ಕೇಳಿದ.

"ನೋಡಿದೆ."

"ಎಲ್ಲಿ ಹಾಕಿದಾಳೆ?"

"ಮಂಚದ ಹಿಂದೆ."

ಅಪ್ಪ ಅದನ್ನು ಬಾಯಲ್ಲಿದ್ದ ಚಹಾ ಎಲೆಯ ಜೊತೆ ಸ್ವಲ್ಪ ಹೊತ್ತು ಅಗಿದ. "ಮಂಚದ ಹಿಂದೆ," ಎಂದ. "ನಿಮ್ಮಜ್ಜಿ ಇದ್ದಿದ್ರೆ ಆ ಹುಡುಗಿಗೆ ಪೊರಕೆ ಹಿಡಿಯೋಳು. ಇರಲಿ. ಬೆಳಕು ಬೀಳುತ್ತಾ?"

"ಬೀಳುತ್ತೆ. ಬೆಳಗ್ಗೆ ಹೊಳೆ ಕಡೆಯಿಂದ."

"ಮತ್ತಿನ್ನೇನು."

ಕೇಳಬೇಕಾದ್ದನ್ನು ವಿರುನ್ ಕೇಳಿದ, ಜೋಡಿಸಿಕೊಂಡು ಬಂದ ಮಾತಿನಲ್ಲಲ್ಲ. "ಯಾಕಪ್ಪಾ?"

ಅಪ್ಪ ಒಳಗಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟಿದ್ದ ಪುಟ ತಂದ. ತಂದನೇ ಹೊರತು ನೋಡಲಿಲ್ಲ. ನೋಡದೆಯೇ ಹೇಳಿದ, ವಿಹಾರದಲ್ಲಿ ಪಾಠ ಒಪ್ಪಿಸುವ ಹುಡುಗನ ಹಾಗೆ: "ಕಂಬಳಿ ಸುತ್ತಿ ಕತ್ತಲಲ್ಲಿಟ್ಟ ಚೆಲುವು ಯಾರನ್ನೂ ಕಾಯುವುದಿಲ್ಲ."

ವಿರುನ್ ಕಂಬಳಿಯ ಕಡೆ ನೋಡಿದ.

"ಮೊದಲು ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ," ಅಪ್ಪ ಹೇಳಿದ. "ನಮ್ಮನೆ ಕಂಬಳಿ ಕತೇನ ಊರಿಗೆಲ್ಲ ಬರೆದಿದಾನಲ್ಲ ಅಂತ. ಆಮೇಲೆ ಕೂತು ಯೋಚನೆ ಮಾಡಿದೆ. ನಾವಿಬ್ರೂ ಎದುರೆದುರು ಕೂತು ಯಾವತ್ತು ಮಾತಾಡಿದೀವಿ ಹೇಳು? ನಂಗೂ ಬರಲ್ಲ, ನಿಂಗೂ ಬರಲ್ಲ. ಬಾಯಲ್ಲಿ ಹೇಳಕ್ಕಾಗದೆ ಹುಡುಗ ಪುಸ್ತಕದಲ್ಲಿ ಬರೆದಿದಾನೆ, ಅಪ್ಪ ಓದಲಿ ಅಂತ. ಅಷ್ಟು ಅರ್ಥ ಆಗಲ್ವಾ ನಂಗೆ?"

"ನನಗೇ ಕೊಡಬಹುದಿತ್ತು."

"ಕೊಡೋಣ ಅಂತಲೇ ಹೋದ ಸಂಕ್ರಾನ್ ಹಬ್ಬ ಆದ್ಮೇಲೆ ನಿನ್ನ ರೂಮಿಗೆ ಬಂದಿದ್ದೆ."

ವಿರುನ್‌ಗೆ ನೆನಪಾಯಿತು. ಏಳನೇ ಮಹಡಿಯ ಬಾಡಿಗೆ ಕೋಣೆ. ಅವನು ಕಿಟಕಿಯ ಹತ್ತಿರ ಫೋನಿನಲ್ಲಿ ಯಾರದೋ ಮನೆಯ ಮೆಟ್ಟಿಲ ಬಗ್ಗೆ ಮಾತಾಡುತ್ತಿದ್ದ. ಅಪ್ಪ ಬಾಗಿಲಲ್ಲಿ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ತಾಗಿಸಿ ಹೆಜ್ಜೆ ಇಡುತ್ತಿದ್ದ. ಮುದುಕನಿಗೆ ಕಾಲು ಜೋಮು ಹಿಡಿದಿರಬೇಕು ಎಂದು ಅಂದುಕೊಂಡಿದ್ದ.

"ಬಾಗಿಲು ಅಳೀತಿದ್ಯಾ?"

"ನಿನ್ನ ಪಾದದಲ್ಲಿ ಅಳೀಬೇಕಿತ್ತು. ನೀನು ಫೋನಲ್ಲಿದ್ದೆ. ಸುಮ್ನೆ ನನ್ನದರಲ್ಲೇ ಅಳೆದು ನೋಡ್ದೆ." ಅಪ್ಪನ ಮುಖದಲ್ಲಿ ದೂರಿನ ಸುಳಿವೂ ಇರಲಿಲ್ಲ. "ಒಂದು ಕಡೆ ಗಾಜು, ಒಂದು ಕಡೆ ಫ್ರಿಜ್ಜು. ಊರವರ ಮನೆ ಚಂದ ಬರೆಯೋನ ಮನೇಲಿ ಒಂದು ಮೊಳೆ ಹೊಡೆಯಕ್ಕೆ ಗೋಡೆ ಇಲ್ಲ. ಆಸ್ಪತ್ರೆ ಇದ್ದ ಹಾಗಿತ್ತು ಕಣೋ. ವಾಪಸ್ ಬಂದೆ. ಆ ಹುಡುಗಿ ನಿನ್ನ ಪುಟ ಹಿಡ್ಕೊಂಡು ಬಂದಾಗ, ಸರಿ, ಅವನು ಬರೆಯೋ ಮನೇಗೇ ಹೋಗಲಿ ಅನಿಸ್ತು. ಬರೆಯೋಕಾದ್ರೂ ಒಂದಿನ ಅದರ ಕೆಳಗೆ ನಿಲ್ತಾನೆ ಅಂತ."

ಅಂಗಳದಲ್ಲಿ ಕೋಳಿಯೊಂದು ಬಿದಿರ ಸೀಳುಗಳನ್ನು ಕೆದಕುತ್ತಿತ್ತು. ಅಪ್ಪ ಅದನ್ನು ಓಡಿಸಲಿಲ್ಲ. ಇಬ್ಬರೂ ಹೊರಗೆ ಬಂದು ಅಂಗಳದ ಮೆಟ್ಟಿಲ ಮೇಲೆ ಕೂತರು. ಮೊದಲೂ ಹೀಗೆಯೇ ಕೂರುತ್ತಿದ್ದರು, ಮಾತಿಲ್ಲದೆ. ಆಗೆಲ್ಲ ಆ ಮೌನದಲ್ಲಿ ಏನೂ ಇಲ್ಲ ಎಂದುಕೊಂಡಿದ್ದ ವಿರುನ್. ಇಷ್ಟು ವರ್ಷ ಅಪ್ಪ ಅದರೊಳಗೆ ಕೂತು ತನ್ನನ್ನು ಓದುತ್ತಿದ್ದ ಎಂಬುದು ಅವನಿಗೆ ಇನ್ನೂ ನಂಬಿಕೆಯಾಗುತ್ತಿರಲಿಲ್ಲ.

"ಹೊಡೆದಿದ್ದು ನೀನೇ ಅಂತೆ," ಎಂದ ಕೊನೆಗೆ.

"ಮತ್ತೆ ಆ ಬ್ಯಾಂಕಾಕ್ ಹುಡುಗಿ ಹೊಡೀತಾಳಾ? ಅವಳಿಗೆ ಸೊಳ್ಳೆ ಹೊಡೆಯಕ್ಕೂ ಬರಲ್ಲ." ಅಪ್ಪ ತನ್ನ ಅಂಗೈ ನೋಡಿಕೊಂಡ. "ಬೇರೆಯವರ ಕೈಯಲ್ಲಿ ಏಟು ತಿನ್ನೋದು ಬೇಡ ಅನಿಸ್ತು. ಅಷ್ಟೇ."

ಆಮೇಲೆ ಮಗನ ಕಡೆ ತಿರುಗಿ ಕೇಳಿದ, "ನಾನು ಸರಿಯಾಗೇ ಓದ್ಕೊಂಡೆ ತಾನೇ? ನೀನು ನಂಗೇ ಅಲ್ವಾ ಬರೆದಿದ್ದು?"

ಪುಟ ಅಪ್ಪನ ಮೊಣಕಾಲ ಮೇಲಿತ್ತು. ಪ್ಲಾಸ್ಟಿಕ್ಕಿನ ಮೇಲೆ ಬಿಸಿಲು ಬಿದ್ದು ಅಕ್ಷರ ಕಾಣುತ್ತಿರಲಿಲ್ಲ.

"ಹೌದಪ್ಪಾ," ಎಂದ ವಿರುನ್.

"ಹಾಗಾದ್ರೆ ಸರಿ," ಎಂದು ಅಪ್ಪ ಕತ್ತಿ ಎತ್ತಿಕೊಂಡ.

ಮುಂದಿನ ತಿಂಗಳ ಸಂಚಿಕೆಯಲ್ಲಿ ಪೈಲಿನ್‌ಳ ಮನೆ ಎಂಟು ಪುಟ ಬಂತು. ಹಲಗೆಯ ಚಿತ್ರದ ಕೆಳಗೆ ವಿರುನ್ ಹೀಗೆ ಬರೆದಿದ್ದ: ನಾಲ್ಕು ಪಾದ ಅಗಲ, ಎಂಟನೇ ಎಸಳು ಬಾಕಿ. ಯಾರದ್ದೆಂದು ಬರೆದಿರಲಿಲ್ಲ. ಅಪ್ಪ ಎರಡು ಪ್ರತಿ ಕೊಂಡು ಒಂದನ್ನು ವಿಹಾರದ ಭಿಕ್ಷುವಿಗೆ ಕೊಟ್ಟ.

ಮೂರು ವರ್ಷದ ಹಿಂದಿನ ಆ ಸಾಲನ್ನು ವಿರುನ್ ಬರೆದದ್ದು ಚಿತ್ರದ ಕೆಳಗೆ ಖಾಲಿ ಉಳಿದ ಜಾಗ ತುಂಬಿಸಲು. ಬರೆಯುವಾಗ ಅಪ್ಪನಾಗಲಿ, ಮೆಟ್ಟಿಲ ಕೆಳಗಿನ ಕಂಬಳಿಯಾಗಲಿ ಅವನ ನೆನಪಿನಲ್ಲಿ ಇರಲಿಲ್ಲ. ಅದನ್ನು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.