ಹನ್ನೆರಡಕ್ಕೆ ಹೊಡೆದ ಗಡಿಯಾರ

ನಿಂಬರ್ಗಾದ ದೊಡ್ಡಪ್ಪ ಹೋದ ವರ್ಷ ಹುಲಿಗವಿ ಗುಡ್ಡದಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡಿದ್ದ. ಈ ವರ್ಷ ಅವನ ಅಕ್ಕ ಹೀರಾಬಾಯಿ ಅದೇ ಗುಡ್ಡಕ್ಕೆ ಹೊರಟು ನಿಂತಳು. ಮಗ ದೌಲತರಾಯನ ಕಾಮಾಲೆ ವಾಸಿಯಾದರೆ ಗುಡ್ಡ ಹತ್ತಿ ಗವಿಯಲ್ಲಿ ಕಾಯಿ ಒಡೆಸುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಳು. ಅವಳಿಗೆ ಅರವತ್ತರ ಮೇಲಾಗಿತ್ತು. ಗುಡ್ಡವೋ ಬಸ್ಸಿನಲ್ಲಿ ಒಂದು ದಿನದ ದಾರಿ. ಸುತ್ತ ಊರಿಲ್ಲ, ಕೇರಿಯಿಲ್ಲ.

ಸೊಸೆ ಸುಭದ್ರಾಬಾಯಿಗೆ ಅಂದಿನಿಂದ ಊಟ ಸೇರಲಿಲ್ಲ. ಅತ್ತೆಗೆ ಏನಾದರೂ ಆದರೆ? ಬೇಡ ಎನ್ನಲು ಬಾಯಿ ಬರಲಿಲ್ಲ. ಕೊನೆಗೆ ನರ್ಸ್ ಗುರುಶಾಂತಮ್ಮನನ್ನು ಮನೆಗೆ ಕರೆತಂದಳು. ಗುರುಶಾಂತಮ್ಮ ಗುಡ್ಡಗಾಡಿನಲ್ಲಿ ಮೂರು ವರ್ಷ ಕೆಲಸ ಮಾಡಿದವಳು.

"ಏಳು ಮೈಲಿ ಅದರಿ ಬಾಯಿ," ಎಂದ ದೌಲತರಾಯ. "ಅಷ್ಟು ದೂರ ನಾವು ದಿನಾ ನಡೀತೀವಿ. ಇದಕ್ಕೇನು ತಯಾರಿ?"

"ನಮ್ಮ ದಾರಿ ಮಲಗ್ಯದ. ಆ ದಾರಿ ಎದ್ದು ನಿಂತದ," ಎಂದಳು ಗುರುಶಾಂತಮ್ಮ. "ಇಲ್ಲಿ ಸೂರ್ಯ ಜೋಳದ ಹೊಲದಾಗ ಇಳಿಯೂತನಾ ಬೆಳಕಿರ್ತದ. ಅಲ್ಲಿ ದಾರಿ ಗುಡ್ಡದ ಮೂಡಣ ಮಗ್ಗಲಿಗದ. ನಾಕಕ್ಕೇ ಸೂರ್ಯ ಗುಡ್ಡದ ಹಿಂದ ಹೋಗ್ತಾನ. ದೊಡ್ಡಪ್ಪ ಬಿದ್ದದ್ದು ಎಷ್ಟೊತ್ತಿಗೆ, ಕೇಳ್ರಿ."

ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪ ಕೋಲು ಸರಿಸಿದ. "ಆರು ಹೊಡದಿರಲಿಲ್ರಿ. ಇನ್ನಾ ಬಾಳ ಹೊತ್ತದ ಅಂತ ಗವಿ ಮುಂದ ಒಂದು ನಿದ್ದಿ ತಗದಿದ್ದೆ."

"ನಿನ್ನ ನಿದ್ದಿ ಊರಿಗೇ ಗೊತ್ತದ ಬಿಡು," ಎಂದಳು ಹೀರಾಬಾಯಿ. "ನಾ ನಿದ್ದಿ ಮಾಡಂಗಿಲ್ಲ. ಗವಿ ಮುಟ್ಟೂತನಾ ನೀರೂ ಕುಡಿಯಂಗಿಲ್ಲ. ಹರಕಿ ಅಂದ್ರ ಹರಕಿ."

"ಆಯಿ, ಹರಕಿ ಹೊತ್ತಾಗ ನೀರು ಕುಡಿಯಂಗಿಲ್ಲ ಅಂತ ಅಂದಿದ್ರೇನು?" ಎಂದು ಕೇಳಿದಳು ಗುರುಶಾಂತಮ್ಮ.

ಹೀರಾಬಾಯಿ ಅಂದು ಆಡಿದ ಮಾತನ್ನು ನೆನಪಿಸಿಕೊಂಡಳು. "ಬರಿಗಾಲಿಲೆ ಹತ್ತತೇನಿ ಅಂದಿದ್ದೆ. ನೀರಿನ ಮಾತು ಮಂದಿ ಹಚ್ಚಿದ್ದು."

"ಹಂಗಾದ್ರ ಬರಿಗಾಲಿಲೆ ಹತ್ತರಿ, ಚಪ್ಪಲಿ ಹಾಕ್ಕೊಂಡು ಇಳೀರಿ. ನೀರು ಮಾತ್ರ ದಾರಿಯುದ್ದಕ್ಕೂ ಕುಡೀರಿ."

ಗುರುಶಾಂತಮ್ಮ ಹೇಳಿದ್ದನ್ನು ಸುಭದ್ರಾಬಾಯಿ ತಾನು ಅಕ್ಷರ ಕಲಿಯಲು ಹೋಗುವ ಸಂಜೆ ಶಾಲೆಯ ಪಾಟಿಯ ಮೇಲೆ ಬರೆದುಕೊಂಡಳು. ತಲೆಗೆ ಮೂರು ಲೀಟರ್ ನೀರು. ಒಂದು ಲೀಟರಿಗೆ ಆರು ಸಣ್ಣ ಚಮಚ ಸಕ್ಕರೆ, ಅದೇ ಚಮಚದಲ್ಲಿ ಅರ್ಧ ಉಪ್ಪು ಕಲಸಿ ಒಂದು ಕ್ಯಾನು ಬೇರೆ ಇಡಬೇಕು. ರೊಟ್ಟಿ, ಶೇಂಗಾ, ಬೆಲ್ಲ, ಬ್ಯಾಟರಿ. ನಿಧಾನ ನಡೆಯುವವರು ಮುಂದೆ. ಆರಕ್ಕೆ ಹೊರಡುವುದು. ಎಲ್ಲಿಯೇ ಇರಲಿ, ಹನ್ನೆರಡಕ್ಕೆ ತಿರುಗುವುದು. ಬರೆದದ್ದನ್ನು ಅವಳು ಮೂರು ಸಲ ಓದಿದಳು. ಏನೋ ಬಿಟ್ಟುಹೋಗಿದೆ ಅನಿಸಿತು. ಏನೆಂದು ಹೊಳೆಯಲಿಲ್ಲ. ಸಂಜೆ ಶಾಲೆಯ ಅಲಾರಾಂ ಗಡಿಯಾರವನ್ನೂ ಕೇಳಿ ತಂದಳು.

"ಗುಡ್ಡಕ್ಕ ಹೊಂಟೀಯೋ, ಸಾಲಿಗಿ ಹೊಂಟೀಯೋ?" ಎಂದು ದೌಲತರಾಯ ನಕ್ಕ.

ಗುಡ್ಡದ ಬುಡದಲ್ಲಿ ಚಾಂದಪಾಶಾನ ಚಹಾದಂಗಡಿ ಒಂದೇ ಇತ್ತು. ಹೀರಾಬಾಯಿ, ಮಗ, ಸೊಸೆ ಮೂವರೂ ರಾತ್ರಿ ಅಲ್ಲಿಯೇ ಮಲಗಿದರು. ಸುಭದ್ರಾಬಾಯಿ ಅವನಿಗೆ ಮೂವರ ಹೆಸರು ಹೇಳಿದಳು. "ಸಂಜಿ ಆರಕ್ಕ ನಾವು ಬರಲಿಲ್ಲಂದ್ರ ಅಂಗಡಿಗಿ ಬಂದ ನಾಕು ಮಂದೀನ ಕರ್ಕೊಂಡು ಬರ್ರಿ ಅಣ್ಣ."

"ಹಿಂಗ ಹೇಳಿ ಹೋಗವ್ರು ನೀವೇ ಮೊದಲ ನೋಡ್ರಿ," ಎಂದ ಚಾಂದಪಾಶಾ.

ಬೆಳಿಗ್ಗೆ ಆರಕ್ಕೆ ಬುತ್ತಿ, ನೀರು ಎಲ್ಲ ತಯಾರಿತ್ತು. ಆದರೆ ಹೀರಾಬಾಯಿ ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಳು. ಅದು ಮುಗಿಯದೆ ಅವಳು ಹನಿ ನೀರು ಮುಟ್ಟುವವಳಲ್ಲ. ಅವಳ ನಂತರ ದೌಲತರಾಯ ಕೂತ. ಹೊರಟಾಗ ಏಳು ದಾಟಿ ಹತ್ತು ನಿಮಿಷ. ಪಾಟಿಯ ಮೇಲೆ ಬಿಟ್ಟುಹೋದದ್ದು ಏನೆಂದು ಸುಭದ್ರಾಬಾಯಿಗೆ ಆಗ ತಿಳಿಯಿತು. ಮನೆಯಲ್ಲಿ ದಿನವೂ ನಡೆಯುವ ಪೂಜೆಯ ಹೊತ್ತನ್ನೇ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೀರಾಬಾಯಿ ಮುಂದೆ ನಡೆದಳು. ಅವಳ ಹೆಜ್ಜೆಗೆ ಉಳಿದವರು ಹೆಜ್ಜೆ ಹಾಕಿದರು. ಗಳಿಗೆಗೊಮ್ಮೆ ಕೂತು ನೀರು ಕುಡಿದರು. ಅಂತೂ ಗವಿಯ ಬಾಯಿ ಕಣ್ಣಿಗೆ ಬಿತ್ತು, ಅದರ ಮೇಲಿನ ಕೆಂಪು ಬಾವುಟವೂ ಕಂಡಿತು. ಅದೇ ಹೊತ್ತಿಗೆ ಸುಭದ್ರಾಬಾಯಿಯ ಚೀಲದೊಳಗಿಂದ, ಹನ್ನೆರಡಕ್ಕೆ ಅಲಾರಾಂ ಇಟ್ಟಿದ್ದ ಗಡಿಯಾರ ಕಿರ್ ಎಂದು ಹೊಡೆಯಿತು.

"ಅದರ ಬಾಯಿ ಮುಚ್ಚು," ಎಂದ ದೌಲತರಾಯ. "ಇನ್ನೊಂದು ತಾಸಿನ ದಾರಿ. ಇಲ್ಲಿತನಾ ಬಂದು ತಿರಗೂದಾ?"

ಸುಭದ್ರಾಬಾಯಿ ಗಡಿಯಾರ ತೆಗೆದು ಗುಂಡಿ ಒತ್ತಿ ನಿಲ್ಲಿಸಿದಳು. ತಪ್ಪು ತನ್ನದು. ತನ್ನ ತಪ್ಪಿಗೆ ಅತ್ತೆಯ ಹರಕೆ ಕೆಡಿಸುವುದೇ? ಆದರೂ ಹೇಳಿದಳು, "ಹೋಗಾಕ ಒಂದು ತಾಸು, ಬರಾಕ ಮತ್ತೊಂದು. ಆಮ್ಯಾಲ ದೊಡ್ಡಪ್ಪ ಮಾಮಾ ಬಿದ್ದ ಜಾಗಕ್ಕ ಬರೂದರಾಗ ಮಬ್ಬಾಗ್ತದರಿ. ಅತ್ತಿ, ನಂದೇ ತಪ್ಪದ. ಬೈರಿ. ಆದ್ರ ತಿರಗೂಣು."

ಹೀರಾಬಾಯಿ ಬಾವುಟವನ್ನು ನೋಡುತ್ತ ಬಂಡೆಯ ಮೇಲೆ ಕೂತಳು. ನಿಂತಲ್ಲೇ ನೀರು ಕುಡಿದ ಮಗನ ಮುಖ ನೋಡಿದಳು. ಕಾಮಾಲೆ ಹೋಗಿ ನಾಲ್ಕು ತಿಂಗಳಾಗಿತ್ತು, ಆದರೂ ಅವನ ತೊಡೆ ನಡುಗುತ್ತಿತ್ತು.

"ಚೀಲದಾಗಿಂದ ನನ್ನ ಚಪ್ಪಲಿ ತಗಿ ಬೇ," ಎಂದಳು ಸೊಸೆಗೆ. "ಇವ ಬದುಕಲಿ ಅಂತ ಹರಕಿ ಹೊತ್ತಾಕಿ ನಾನು. ಹರಕಿ ಸಲುವಾಗಿ ಇವನ ಕಾಲು ಮುರಸಬೇಕೇನು?"

ಕಡಿದಾದ ಇಳಿಜಾರಿಗೆ ಬಂದಾಗ ನಾಲ್ಕಾಗಿತ್ತು. ಗುರುಶಾಂತಮ್ಮ ಹೇಳಿದಂತೆಯೇ ಸೂರ್ಯ ಗುಡ್ಡದ ಹಿಂದೆ ಸರಿದ. ದೊಡ್ಡಪ್ಪ ಬಿದ್ದಿದ್ದ ಕಲ್ಲಿನ ಜಾರು ಇನ್ನೂ ಕಾಣುತ್ತಿತ್ತು. ಮೂವರೂ ಕೂತು ಕೂತು ಇಳಿದರು. ದೌಲತರಾಯ ಕೆಳಗೆ ನಿಂತು ಮೇಲೆ ನೋಡಿದ. ಅವರು ಆಗಲೇ ಇಳಿದಿದ್ದ ದಾರಿ ಕಪ್ಪಾಗಿತ್ತು. ಅವನು ಹೆಂಡತಿಯ ಕೈಯಿಂದ ಗಡಿಯಾರದ ಚೀಲ ತೆಗೆದುಕೊಂಡು ತಾನೇ ಹೊತ್ತ. ಐದೂವರೆಗೆ ಚಾಂದಪಾಶಾ ಚಹಾ ಕೊಟ್ಟ.

ಮರುದಿನ ಅಂಗಡಿಯಲ್ಲೇ ದಣಿವಾರಿಸಿಕೊಂಡರು. ಮೂರನೆಯ ದಿನ ಐದೂವರೆಗೇ ಪೂಜೆ ಮುಗಿದಿತ್ತು. ಆರಕ್ಕೆ ಹೊರಟರು. ಗಡಿಯಾರ ಹೊಡೆಯುವ ಮೊದಲೇ ಹೀರಾಬಾಯಿಯ ಕಾಯಿ ಒಡೆದಿತ್ತು.

ನೀವೂ ಮುಂದಿನ ತಿಂಗಳು ಇಂಥದೊಂದು ಗುಡ್ಡಕ್ಕೆ ಹೊರಟಿರಬಹುದು. ಹೋಗಿ, ಸಂತೋಷವಾಗಿ ಹೋಗಿ. ಆದರೆ ನಮ್ಮ ಬಯಲಿನ ಲೆಕ್ಕವನ್ನು ಅಲ್ಲಿಗೆ ಒಯ್ಯಬೇಡಿ. ಸ್ನಾನ, ಪೂಜೆ, ಊಟದ ಹೊತ್ತನ್ನೂ ಸೇರಿಸಿ ದಿನವನ್ನು ಮೊದಲೇ ಹಾಕಿಕೊಳ್ಳಿ. ಕುಡಿಯುವ ನೀರು ಹೊತ್ತುಕೊಳ್ಳಿ. ಕೆಳಗಿರುವ ಒಬ್ಬರಿಗಾದರೂ ಹೇಳಿ ಹತ್ತಿ. ತಿರುಗುವ ಹೊತ್ತನ್ನು ಮನೆಯಲ್ಲಿಯೇ ಗೊತ್ತು ಮಾಡಿ, ಅಲ್ಲಿ ಬದಲಿಸಬೇಡಿ. ಮನೆಯಲ್ಲಿ ಗಡಿಯಾರ ಇಲ್ಲವೇ? ನಿಮ್ಮೂರ ಸಂಜೆ ಶಾಲೆಯಲ್ಲಿ ಕೇಳಿ ನೋಡಿ. ಅದನ್ನು ನೋಡುವುದನ್ನೂ ಕಲಿಸಿ ಕೊಡುತ್ತಾರೆ.